ರಕ್ತ ಹೇಳಿತೆಂದು ನಾನು ಹೇಳಿದ್ದು

ಈ ಮಾತನ್ನು ಬರೆಯಬೇಕೆಂದು ನಾನು ಕುಳಿತದ್ದು ಇದು ನಾಲ್ಕನೆಯ ಸಲ. ಮೊದಲ ಸಲ ಕನ್ನಡಕ ಸರಿಯಿಲ್ಲವೆಂದು ಎದ್ದೆ, ಕನ್ನಡಕ ಬದಲಾಯಿತು. ಎರಡನೆಯ ಸಲ ಕಣ್ಣೇ ಸರಿಯಿಲ್ಲವೆಂದು ಎದ್ದೆ. ಪೊರೆ ತೆಗೆಸಿದ್ದೂ ಆಯಿತು. ಮೂರನೆಯ ಸಲ ಶ್ರಾವಣ ಬಂತು, ಇಂಥ ತಿಂಗಳಲ್ಲಿ ಸಾಯುವವರ ಸುದ್ದಿ ಯಾಕೆ ಎಂದುಕೊಂಡು ಪುಸ್ತಕ ಮುಚ್ಚಿದೆ. ಈಗ ಕಣ್ಣು ನೆಟ್ಟಗಿದೆ, ಶ್ರಾವಣ ಮುಗಿದಿದೆ, ಮನೆಯಲ್ಲಿ ನನಗೆ ಕೆಲಸ ಹೇಳುವ ಧೈರ್ಯ ಯಾರಿಗೂ ಇಲ್ಲ, ಹೇಳಿದರೆ ಮಾಡಿಬಿಡುತ್ತೇನೆಂಬ ಭಯ. ನೆಪಗಳೆಲ್ಲ ಖರ್ಚಾಗಿ ಹೋದ ಮೇಲೆ ಮನುಷ್ಯ ಮಾಡುವುದಾದರೂ ಏನು, ನಿಜ ಹೇಳಬೇಕಾಗುತ್ತದೆ.

ನನ್ನ ಮುಂದೆ ಈಗ ಒಂದು ಹಳೆಯ ಸ್ಟೀಲ್ ಡಬ್ಬಿ ಇದೆ. ಅದರಲ್ಲಿ ನೂರು ಹುಣಸೆಬೀಜಗಳಿವೆ. ಮೊಮ್ಮಕ್ಕಳು ಪಗಡೆಯಾಡಲು ಕದ್ದೊಯ್ದವನ್ನು ಬಿಟ್ಟು ಹೇಳುವುದಾದರೆ ತೊಂಬತ್ತು ಚಿಲ್ಲರೆ. ಓದುಗ ಮಹಾಶಯರೇ, ನೀವು ಇದನ್ನು ಸಾರಿನ ಸಾಮಾನು ಎಂದುಕೊಳ್ಳಬೇಡಿ. ಬೈಲಹೊಂಗಲದ ಒಂದು ದವಾಖಾನೆಯಲ್ಲಿ ಎಷ್ಟೋ ವರ್ಷ ಈ ಬೀಜಗಳಿಂದ ನಾನು ಮನುಷ್ಯರ ರಕ್ತ ಎಣಿಸಿದ್ದೇನೆ.

ನಾನು ಹತ್ತನೆಯ ಇಯತ್ತೆ ಪಾಸಾದವನು. ಹೆಚ್ಚಿನದು ಕಲಿಯಲಿಲ್ಲ. ದವಾಖಾನೆಗೆ ಬಾಟಲಿ ತೊಳೆಯಲು ಸೇರಿದವನು, ಅಲ್ಲಿನ ಹಳೆಯ ಲ್ಯಾಬಿನವರ ಬೆನ್ನ ಹಿಂದೆ ನಿಂತು ನಿಂತು ಕೆಲಸ ಕಲಿತೆ. ಅವರು ನಿವೃತ್ತರಾದಾಗ ಕುರ್ಚಿ ನನ್ನ ಕಡೆ ತಿರುಗಿತು. ರಕ್ತದ ಬಿಳಿಯ ಕಣಗಳನ್ನು ಬಗೆಬಗೆಯಾಗಿ ಎಣಿಸುವುದಕ್ಕೆ ಗುಂಡಿ ಒತ್ತುವ ಒಂದು ಯಂತ್ರವಿತ್ತು. ಅದು ನಾನು ಕುರ್ಚಿಗೆ ಬಂದ ವರ್ಷವೇ ಕೆಟ್ಟಿತು. ಹೊಸದು ಬರುತ್ತದೆ ಎಂದರು, ನಾನೂ ನಂಬಿದೆ, ಮತ್ತು ಅದು ಬರುವ ತನಕ ಇರಲಿ ಎಂದು ಮನೆಯಿಂದ ನೂರು ಹುಣಸೆಬೀಜ ತಂದೆ. ಬಲಗೈ ಸೂಕ್ಷ್ಮದರ್ಶಕದ ತಿರುಗಣೆಯ ಮೇಲೆ, ಕಣ್ಣು ಕೊಳವೆಯ ಮೇಲೆ, ಎಡಗೈ ಬೀಜದ ತಟ್ಟೆಯಲ್ಲಿ. ಒಂದು ಕಣ ಕಂಡಿತೆಂದರೆ ಒಂದು ಬೀಜ, ಕಣದ ಜಾತಿ ನೋಡಿ ಅದರದರ ಮುಚ್ಚಳಕ್ಕೆ. ತಟ್ಟೆ ಬರಿದಾದಾಗ ನೂರು ಕಣ ಮುಗಿದವೆಂದು ಲೆಕ್ಕ. ಆಮೇಲೆ ಯಾವ ಮುಚ್ಚಳದಲ್ಲಿ ಎಷ್ಟು ಎಂದು ಎಣಿಸಿ ಚೀಟಿಯಲ್ಲಿ ಬರೆಯುವುದು.

ಮುಖ್ಯವಾದ ಜಾತಿ ಎರಡು. ಒಂದನ್ನು ನಾವು ಲ್ಯಾಬಿನವರು ಪಾಲಿ ಎಂದು ಕರೆಯುತ್ತೇವೆ. ಬಣ್ಣ ಹಾಕಿ ನೋಡಿದರೆ ಅದರ ಹೊಟ್ಟೆಯೊಳಗಿನ ನೇರಳೆ ತಿರುಳು ಶೇಂಗಾದ ಕಾಯಿಯಂತೆ ನಡುನಡುವೆ ಸಣ್ಣಗಾಗಿ ಮೂರು ನಾಲ್ಕು ಗಂಟಾಗಿರುತ್ತದೆ. ಇನ್ನೊಂದು ಲಿಂಫೋ, ದುಂಡಗೆ, ಕಡುಬಿನೊಳಗೆ ಹೂರಣ ತುಂಬಿದಂತೆ ಒಡಲ ತುಂಬ ಒಂದೇ ತಿರುಳು. ಪಾಲಿ ಅವಸರದ ಸ್ವಭಾವದ್ದು. ದೇಹದಲ್ಲಿ ಎಲ್ಲಾದರೂ ಕೀವು, ಜ್ವರ, ಬಾವು ಕಂಡರೆ, ಅಂದರೆ ಪುಸ್ತಕದಲ್ಲಿ ಉರಿಯೂತ ಎನ್ನುತ್ತಾರಲ್ಲ ಆ ಬೆಂಕಿ ಬಿದ್ದರೆ, ಬಡಿಗೆ ಹಿಡಿದು ಮೊದಲು ಓಡುವುದು ಅದೇ. ಲಿಂಫೋ ಹಿರಿಯರ ಹಾಗೆ, ಹಳೆಯ ಜಗಳಗಳನ್ನು ನೆನಪಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿರುತ್ತದೆ. ಊರು ಆರೋಗ್ಯವಾಗಿದ್ದಾಗ ಇಬ್ಬರೂ ತಕ್ಕ ಪ್ರಮಾಣದಲ್ಲಿರುತ್ತಾರೆ. ಓಡುವವರೇ ಊರ ತುಂಬ ಆಗಿ ಕಟ್ಟೆ ಬರಿದಾಯಿತೆಂದರೆ ಏನೋ ದೊಡ್ಡದೇ ಕೆಟ್ಟಿದೆ ಎಂದು ಅರ್ಥ.

ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಎಡಗೈಯೇ ಹೇಳಿತು. ರಾಮದುರ್ಗದ ಕಡೆಯ ಒಬ್ಬ ನೇಕಾರ ಜ್ವರದಿಂದ ಬಂದಿದ್ದ, ಅವನ ರಕ್ತ ಎಣಿಸುವಾಗ ಬೀಜಗಳೆಲ್ಲ ಒಂದೇ ಮುಚ್ಚಳಕ್ಕೆ ಬಿದ್ದು ಅದು ತುಂಬಿ ಚೆಲ್ಲಿತು, ಲಿಂಫೋದ ಮುಚ್ಚಳದಲ್ಲಿ ನಾಲ್ಕೇ ನಾಲ್ಕು. ನೇಕಾರ ಎರಡು ದಿನದಲ್ಲಿ ಹೋದ. ಆಮೇಲೆ ಕಿತ್ತೂರಿನ ಕಡೆಯ ಒಬ್ಬಳು ಅಜ್ಜಿ, ಅದೇ ರೀತಿ ಮುಚ್ಚಳ ಚೆಲ್ಲಿತು, ಅಜ್ಜಿಯೂ ಹೋದಳು. ಹೀಗೆ ವರ್ಷಗಟ್ಟಲೆ ನೋಡುತ್ತ ಹೋದಂತೆ ಯಾವ ಚೀಟಿಯವರು ಮನೆಗೆ ನಡೆದುಕೊಂಡು ಹೋಗುತ್ತಾರೆ, ಯಾವ ಚೀಟಿಯವರು ಹೊರಿಸಿಕೊಂಡು ಹೋಗುತ್ತಾರೆ ಎಂಬುದು ನನಗೆ ಮೊದಲೇ ಅಂದಾಜಾಗತೊಡಗಿತು. ಎಲ್ಲ ಸಲವೂ ಅಲ್ಲ. ಆದರೆ ತಪ್ಪಿದ ಸಲಗಳನ್ನು ಯಾರು ನೆನಪಿಡುತ್ತಾರೆ ಹೇಳಿ. ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಗಿಳಿ ಶಾಸ್ತ್ರ ಹೇಳುವವನ ಗಿಳಿಯೂ ತಪ್ಪಿದ ಚೀಟಿಯನ್ನು ನೆನಪಿಡುವುದಿಲ್ಲ.

ಅನುಮಾನವಿದ್ದ ಚೀಟಿಯ ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ಒಂದು ಚುಕ್ಕೆ ಇಡತೊಡಗಿದೆ. ಡಾಕ್ಟರ ಗಮನಕ್ಕೆಂದು ಇಟ್ಟೆ ಎಂದು ಅಂದು ಹೇಳಿಕೊಳ್ಳುತ್ತಿದ್ದೆ. ಡಾಕ್ಟರು ಅದನ್ನು ಲ್ಯಾಬಿನ ಏನೋ ಗುರುತೆಂದು ತಿಳಿದಿದ್ದರು. ವಾರ್ಡಿನ ಆಳುಗಳಿಗೆ ಮಾತ್ರ ತಿಂಗಳೊಳಗೆ ಅದರ ಅರ್ಥ ಗೊತ್ತಾಯಿತು, ಆಳುಗಳಿಂದ ರೋಗಿಗಳ ಸಂಬಂಧಿಕರಿಗೆ. ನನಗೆ ಚಿತ್ರಗುಪ್ತ ಎಂದು ಹೆಸರು ಬಿತ್ತು. ಹೆಸರಿನ ಜೊತೆಗೆ ಚಹಾ ಬಂತು. ನಾನು ಚೀಟಿ ಹಿಡಿದು ಪಡಸಾಲೆಯಲ್ಲಿ ನಡೆದರೆ ಕುಳಿತವರು ಏಳುತ್ತಿದ್ದರು, ನಾನು ನಿಟ್ಟುಸಿರಿಟ್ಟರೆ ಹೆಂಗಸರು ಸೆರಗು ಬಾಯಿಗೆ ಹಿಡಿಯುತ್ತಿದ್ದರು. ಮುಚ್ಚಿಡುವುದೇಕೆ, ನಿಟ್ಟುಸಿರಿನಲ್ಲಿ ನನಗೆ ಮೂರು ಬಗೆ ಬರುತ್ತಿದ್ದವು. ಒಂದನ್ನು ಕನ್ನಡಿಯ ಮುಂದೆ ರೂಢಿ ಮಾಡಿಕೊಂಡಿದ್ದೆ.

ಸಾವಿನ ಸುದ್ದಿಯನ್ನು ಮುಂಚಿತವಾಗಿ ತಿಳಿಯಲು ಜನ ಅಷ್ಟು ಹಾತೊರೆಯುವುದೇಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ಅಗಸಿ. ನಮ್ಮ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಊರ ಬಾಗಿಲಾದ ಅಗಸಿಯೊಳಗಿಂದ ಹೆಣ ಹೊರಗೆ ಹೋಗಬಹುದೇ ಹೊರತು ಒಳಗೆ ಬರುವಂತಿಲ್ಲ. ಹೊರಗೆ ಸತ್ತವನನ್ನು ಸೀದಾ ಹೊಲಕ್ಕೆ ಒಯ್ಯಬೇಕು. ಅವನು ಹುಟ್ಟಿ ಬೆಳೆದ ಪಡಸಾಲೆಯ ನೆಲ ಅವನಿಗೆ ಸಿಗುವುದಿಲ್ಲ. ಆದ್ದರಿಂದ ಉಸಿರಿರುವಾಗಲೇ ಮನೆ ಮುಟ್ಟಿಸಬೇಕು. ಬೇಗ ಒಯ್ದರೆ ಔಷಧ ತಪ್ಪುತ್ತದೆ, ತಡಮಾಡಿದರೆ ಮನೆ ತಪ್ಪುತ್ತದೆ. ಈ ಇಕ್ಕಟ್ಟಿನಲ್ಲಿ ಒದ್ದಾಡುವವರಿಗೆ ನಾನು ದೇವರ ಹಾಗೆ ಕಾಣುತ್ತಿದ್ದೆ. ನಾನು ಸಾಯುತ್ತಾರೆ ಎಂಬ ಒರಟು ಮಾತನ್ನು ಎಂದೂ ಆಡುತ್ತಿರಲಿಲ್ಲ. ಕಿಟಕಿಯ ಸರಳಿನ ಆಚೆ ನಿಂತವರಿಗೆ ಮೆಲ್ಲಗೆ, ಅಗಸಿ ದಾಟಿಸಿಕೊಳ್ಳಿ ಎನ್ನುತ್ತಿದ್ದೆ, ಅಷ್ಟೇ. ಅವರು ಡಾಕ್ಟರು ಬೇಡವೆಂದರೂ ಕೇಳದೆ ಹೆಬ್ಬೆಟ್ಟು ಒತ್ತಿ, ಸಲಾಯಿನ್ ಬಾಟಲಿಯನ್ನು ಎತ್ತಿ ಹಿಡಿದುಕೊಂಡು, ದವಾಖಾನೆಯ ಮುಂದೆ ಸದಾ ನಿಂತಿರುತ್ತಿದ್ದ ದಸ್ತಗೀರಸಾಬನ ಟ್ರ್ಯಾಕ್ಸ್ ಗಾಡಿ ಹತ್ತುತ್ತಿದ್ದರು. ದಸ್ತಗೀರಸಾಬ ನನ್ನ ಓರಗೆಯವನು, ಗೆಳೆಯ. ನೀವು ಬರೀತೀರಿ, ನಾ ಒಯ್ಯತೇನಿ, ಯಮನಿಗೆ ನಾವಿಬ್ಬರೂ ಬಿಟ್ಟಿ ಆಳು ಎಂದು ನಗುತ್ತಿದ್ದ. ನಾನೂ ನಗುತ್ತಿದ್ದೆ.

ತೊಂಬತ್ತರ ದಶಕದ ನಡುವಿನ ಒಂದು ಸುಗ್ಗಿಯಲ್ಲಿ ಫಕೀರಪ್ಪ ಎಂಬ ರೈತನನ್ನು ತಂದು ಮಲಗಿಸಿದರು. ಮುರಗೋಡದಾಚೆಯ ಹಳ್ಳಿಯವನು, ಅರವತ್ತು ದಾಟಿದವನು, ಜೋಳದ ಕಣದ ಹೊಟ್ಟಿನ ಧೂಳು ಎದೆಗೆ ಹೋಗಿ ಉಬ್ಬಸ ಕೆರಳಿ ಮೈಮೇಲೆ ಎಚ್ಚರವಿಲ್ಲದಂತಾಗಿದ್ದ. ಜೊತೆಗೆ ಅವನ ಹೆಂಡತಿ ಮತ್ತು ಹಿರಿಯ ಮಗ ಮಲ್ಲಪ್ಪ. ಡಾಕ್ಟರು ಉಪಚಾರ ಆರಂಭಿಸಿದರು, ರಕ್ತ ನನ್ನ ಬಳಿಗೆ ಬಂತು. ನಾನು ಇನ್ನೂ ಗಾಜಿನ ಪಟ್ಟಿಗೆ ಬಣ್ಣ ಹಾಕುತ್ತಿದ್ದೆ, ಕಿಟಕಿಗೆ ಫಕೀರಪ್ಪನ ಹೆಂಡತಿ ಬಂದು ಸರಳು ಹಿಡಿದು ನಿಂತಳು. ತಲೆಯ ಮೇಲಿನ ಸೆರಗು ಹುಬ್ಬಿನ ತನಕ ಇತ್ತು. ಮಗ ನೋಡುತ್ತಾನೇನೋ ಎಂದು ಒಮ್ಮೆ ಹಿಂದೆ ತಿರುಗಿ ನೋಡಿದಳು.

"ಯಪ್ಪಾ, ನಿಮ್ಮ ಮುಂದ ಒಂದು ಮಾತ ಹೇಳಬೇಕಾಗಿತ್ರಿ. ಊರಾಗ ಮೂರು ದಿವಸ ಇವರಿಗೆ ಸೂಜಿ ಮಾಡಿಸೇವ್ರಿ. ಡಾಕ್ಟರ ಬೈತಾರ, ಹೇಳಬ್ಯಾಡ ಅಂದಾನ ಮಗಾ. ನೀವು ರಕ್ತಾ ನೋಡಾವ್ರು, ನಿಮಗರ ಗೊತ್ತಿರ್ಲಿ ಅಂತ ಬಂದ್ನಿ."

ನಮ್ಮ ಕಡೆ ಇದು ಎಲ್ಲರೂ ಮಾಡುವ ಕಳ್ಳತನ. ಮೊದಲು ಊರಿನ ಸೂಜಿ ಡಾಕ್ಟರನ ಬಳಿ ಚುಚ್ಚಿಸಿಕೊಳ್ಳುವುದು, ಕಡಿಮೆಯಾಗದಿದ್ದರೆ ಪೇಟೆಯ ದವಾಖಾನೆಗೆ ಬರುವುದು, ಬಂದ ಮೇಲೆ ಏನೂ ಮಾಡಿಸಿಲ್ಲವೆಂದು ಆಣೆ ಹಾಕುವುದು. ಆ ಕಳ್ಳತನವನ್ನು ಒಬ್ಬಾಕೆ ಮಗನ ಕಣ್ಣು ತಪ್ಪಿಸಿ ಬಂದು ಬಿಟ್ಟುಕೊಡುತ್ತಿದ್ದಾಳೆ. ಅದು ಎಂಥ ಧೈರ್ಯ ಎಂದು ನನಗೆ ಹೊಳೆಯಬೇಕಾಗಿತ್ತು. ನನಗೆ ಹೊಳೆದದ್ದು ಇಷ್ಟೇ: ಹಸಿ ಪಟ್ಟಿ ಒಣಗುವುದರೊಳಗೆ ಈಕೆ ಮಾತು ಮುಗಿಸಿದರೆ ಚೆನ್ನಾಗಿತ್ತು.

"ನೀ ಏನ ಹೇಳೂದು ಬ್ಯಾಡವಾ," ಎಂದೆ. "ರಕ್ತ ತಾನ ಹೇಳತೈತಿ."

ಈ ಮಾತು ನನಗೆ ಬಹಳ ಚೆಂದ ಕಂಡಿತು. ಆಕೆ ಇನ್ನೂ ಒಂದು ಗಳಿಗೆ ನಿಂತಿದ್ದಳು, ಆಮೇಲೆ ಸರಳು ಬಿಟ್ಟು ಹೋದಳು.

ರಕ್ತ ಹೇಳಿತು. ಪಾಲಿ ತೊಂಬತ್ತೆರಡು, ಲಿಂಫೋ ಆರು. ಮುಚ್ಚಳ ಚೆಲ್ಲಿ ಬೀಜಗಳು ಮೇಜಿನ ಕೆಳಗೆ ಉರುಳಿದವು. ಅವುಗಳನ್ನು ಬಗ್ಗಿ ಆರಿಸುವಾಗಲೇ ನಾನು ಕೆಂಪು ಪೆನ್ಸಿಲ್ ಎಲ್ಲಿದೆ ಎಂದು ಯೋಚಿಸುತ್ತಿದ್ದೆ. ಮಲ್ಲಪ್ಪ ಕಿಟಕಿಗೆ ಬಂದಾಗ ಮೂರನೆಯ ಬಗೆಯ ನಿಟ್ಟುಸಿರು ಬಿಟ್ಟು, ಅಗಸಿ ದಾಟಿಸಿಕೊಳ್ಳಿ ಎಂದೆ. ಮಧ್ಯಾಹ್ನದೊಳಗೆ ಫಕೀರಪ್ಪ ದಸ್ತಗೀರಸಾಬನ ಗಾಡಿಯಲ್ಲಿದ್ದ. ಡಾಕ್ಟರು ಸಿಟ್ಟಿನಲ್ಲಿಯೇ ಒಂದು ಕಟ್ಟು ಗುಳಿಗೆ ಬರೆದುಕೊಟ್ಟು, ಉಸಿರಿರುವ ತನಕ ನುಂಗಿಸಿ ಎಂದರಂತೆ.

ದಸ್ತಗೀರಸಾಬ ಮರುದಿನ ಊಟದ ಹೊತ್ತಿಗೆ ತಿರುಗಿ ಬಂದ. ಯರಗಟ್ಟಿಯಿಂದ ಬೀಗರನ್ನು ಕರೆತರಲು ಅವನನ್ನು ಅಲ್ಲಿಯೇ ನಿಲ್ಲಿಸಿಕೊಂಡಿದ್ದರು. ಚಹಾದಂಗಡಿಯಲ್ಲಿ ನನ್ನ ಎದುರಿಗೆ ಕುಳಿತು ಬಸಿಯಲ್ಲಿ ಚಹಾ ಸುರುವಿಕೊಂಡು ಊದಿದ.

"ಸಾಹೇಬ್ರ, ನಿಮ್ಮ ಹೆಣಾ ಎದ್ದು ನುಚ್ಚು ಬೇಡ್ತು," ಎಂದ.

"ಏನಂದಿ?"

"ನುಚ್ಚು. ಮಜ್ಜಿಗಿ ಹಾಕಿ. ಮ್ಯಾಲ, ಉಪ್ಪು ಕಮ್ಮಿ ಐತಿ ಅಂತ ಬೈತು."

ಅವನು ಹೇಳಿದ್ದನ್ನು ನಾನು ಸ್ವಲ್ಪ ಅಚ್ಚುಕಟ್ಟು ಮಾಡಿ ಹೇಳುತ್ತೇನೆ, ಏಕೆಂದರೆ ಅವನು ನಡುನಡುವೆ ನಗುತ್ತಿದ್ದ. ಫಕೀರಪ್ಪನನ್ನು ಪಡಸಾಲೆಯಲ್ಲಿ ಮಲಗಿಸಿ ಹಣೆಗೆ ವಿಭೂತಿ ಹಚ್ಚಿದರು. ಹೊಲದಲ್ಲಿ ಹೆಣ ಕೂಡಿಸಿ ಹೂಳುವ ಕುಣಿ ತೋಡಲು ನಾಲ್ವರು ಹೋದರು. ಊರಿನ ಅಯ್ಯನವರು ಬಂದು ಕುಳಿತರು. ಸಾಯುವವನ ಮುಂದೆ ಮನಸ್ಸಿನ ಮಾತನ್ನು ಆಡಿ ಹಗುರಾಗಬೇಕು, ಇಲ್ಲದಿದ್ದರೆ ಅದು ಉಳಿದವರ ಕುತ್ತಿಗೆಗೆ ಬೀಳುತ್ತದೆ ಎಂದು ಆ ಮನೆತನದಲ್ಲಿ ನಂಬಿಗೆ. ಸಂಜೆಯ ಹೊತ್ತಿಗೆ ಒಬ್ಬೊಬ್ಬರಾಗಿ ಕಿವಿಯ ಬಳಿ ಬಗ್ಗಿದರು. ಒಡಹುಟ್ಟಿದ ತಮ್ಮ ಹೊಲದ ಬದುವನ್ನು ವರ್ಷಕ್ಕೊಂದು ಸಾಲಿನಂತೆ ಈಚೆ ಸರಿಸಿದ್ದನ್ನು ಒಪ್ಪಿಕೊಂಡ. ಮಲ್ಲಪ್ಪ, ಅಪ್ಪನ ಪ್ರೀತಿಯ ಎತ್ತು ಕಾಲು ಮುರಿದುಕೊಂಡದ್ದು ತಾನಾಗಿ ಅಲ್ಲ, ತಾನು ಸವದತ್ತಿಯ ಸಂತೆಯಿಂದ ಬರುವಾಗ ಪಂದ್ಯಕ್ಕೆ ಬಿಟ್ಟು ಓಡಿಸಿದ್ದಕ್ಕೆ ಎಂದು ಅತ್ತ. ಸೊಸೆ, ಮಾವನ ಹಾಲಿಗೆ ನೀರು ಹಾಕಿದ್ದನ್ನು ಹೇಳಿದಳು. ಬಂದ ಬೀಗರಲ್ಲಿ ಒಬ್ಬರು ಇನ್ನೇನೋ ಹೇಳಲು ಬಾಯಿ ತೆರೆದು, ತಮ್ಮ ಹೆಂಡತಿಯನ್ನು ನೋಡಿ ಮುಚ್ಚಿಕೊಂಡರಂತೆ.

ಕೊನೆಗೆ ಎಲ್ಲರೂ ಫಕೀರಪ್ಪನ ಹೆಂಡತಿಯ ಕಡೆ ತಿರುಗಿದರು. ಆಕೆ ಏನೂ ಇಲ್ಲವೆಂದು ತಲೆಯಾಡಿಸಿದಳು. ಹಾಗನ್ನಬಾರದು, ಏನಿದ್ದರೂ ಹೇಳಿಬಿಡು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎಂದು ಹಿರಿಯರು ಒತ್ತಾಯ ಮಾಡಿದರು. ಆಗ ಆಕೆ ಗಂಡನ ಕಾಲ ಹತ್ತಿರ ಕುಳಿತು ಆಡಿದ ಮಾತನ್ನು ದಸ್ತಗೀರಸಾಬ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. ಅದನ್ನು ಹೇಳುವಾಗ ಮಾತ್ರ ನಗಲಿಲ್ಲ.

"ನಲವತ್ತು ವರ್ಷ ನಿಮಗ ಅಂಜಿ ಅಂಜಿ ಬಾಳೇ ಮಾಡಿದ್ನಿ. ನೀವು ಪರಊರಿಗೆ ಹೋದಾಗ ಲಗೂ ಬರ್ಲಿ ಅಂತ ಒಂದು ದಿನಾನೂ ದೇವರಿಗೆ ಬೇಡಿಕೊಂಡಿಲ್ಲ. ತಪ್ಪಾತು. ಹೊಟ್ಯಾಗ ಹಾಕ್ಕೊಂಡು ಹೋಗ್ರಿ."

ಮುಂಜಾನೆ ಫಕೀರಪ್ಪ ಎದ್ದು ಕುಳಿತ. ನುಚ್ಚು ಉಂಡ. ಉಂಡ ಮೇಲೆ ತಮ್ಮನನ್ನು ಕರೆದು, ಬದು ಎಷ್ಟು ಸಾಲು ಸರಿಸಿದ್ದೀ ನಡೆ ತೋರಿಸು ಎಂದ. ಕಣ್ಣು ಮುಚ್ಚಿದ್ದರೂ ಕಿವಿ ಮುಚ್ಚಿರಲಿಲ್ಲ. ತೋಡಿದ ಕುಣಿಯನ್ನು ಬರಿದೇ ಬಿಡಬಾರದು, ಅದು ಬೇರೆ ಯಾರನ್ನಾದರೂ ಕೇಳುತ್ತದೆ ಎಂದು ಊರವರು ಒಂದು ಬಾಳೆಯ ದಿಂಡಿಗೆ ವಿಭೂತಿ ಹಚ್ಚಿ, ಅದನ್ನು ಕುಳ್ಳಿರಿಸಿ ಮಣ್ಣು ಎಳೆದರಂತೆ.

ನಾನು ಆ ದಿನ ಹೊಟ್ಟೆ ಹಿಡಿದುಕೊಂಡು ನಕ್ಕೆ. ಸುಳ್ಳೇಕೆ ಹೇಳಲಿ, ಹಲವು ದಿನ ನಕ್ಕೆ. ಬಾಳೆದಿಂಡಿನ ಕತೆಯನ್ನು ಊರ ತುಂಬ ಹೇಳಿದವನೇ ನಾನು.

ನಗು ನಿಲ್ಲಿಸಿದವರು ಡಾಕ್ಟರು. ಮಲ್ಲಪ್ಪ ಗುಳಿಗೆ ತೀರಿತೆಂದು ಬಂದಾಗ ಮೂರು ಸೂಜಿಯ ಗುಟ್ಟು ಹೊರಬಿದ್ದಿತ್ತು. ನನ್ನನ್ನು ಒಳಗೆ ಕರೆದರು, ಬೈಯಲಿಲ್ಲ. ಉಬ್ಬಸಕ್ಕೆ ಹಳ್ಳಿಗಳಲ್ಲಿ ಚುಚ್ಚುವ ಆ ಸೂಜಿಯ ಗುಣವೇ ಹಾಗೆ, ಅದು ಮೈಯೊಳಗೆ ಹೋದರೆ ಬೇರೆ ಬೆಂಕಿ ಇರದಿದ್ದರೂ ಪಾಲಿ ಏರುತ್ತದೆ, ಲಿಂಫೋ ಇಳಿಯುತ್ತದೆ ಎಂದು ತಿಳಿಸಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಒಂದೇ ಮಾತು ಕೇಳಿದರು.

"ಆ ಸೂಜಿ ನಿಮಗ ಮಾಡಿದ್ರ ನಿಮ್ಮ ರಕ್ತದಾಗೂ ಹಂಗ ಬರತೈತಿ. ನಿಮ್ಮನ್ನೂ ಅಗಸಿ ದಾಟಸೂಣೇನ್ರಿ?"

ಚುಕ್ಕೆಯ ಸಂಗತಿ ಅವರಿಗೆ ಆಗ ಗೊತ್ತಾಗಿತ್ತು. ಮರುದಿನದಿಂದ ನನ್ನ ಮೇಜಿನ ಮೇಲೆ ಕೆಂಪು ಪೆನ್ಸಿಲ್ ಇರಲಿಲ್ಲ.

ಪೆನ್ಸಿಲ್ ಹೋಯಿತು, ಯೋಚನೆ ಬಂತು. ಬಾಳೆದಿಂಡಿನ ಕುಣಿಯನ್ನು ಬಿಡಿ, ಉಳಿದ ಕುಣಿಗಳ ಗತಿಯೇನು? ನನ್ನ ಮಾತು ಕೇಳಿ ಸಲಾಯಿನ್ ಕಿತ್ತು ಒಯ್ದವರು, ಊರಿಗೆ ಒಯ್ದ ಮೇಲೆ ಸತ್ತವರು, ಅವರು ಸಾಯುವವರಿದ್ದುದಕ್ಕೆ ನಾನು ಹೇಳಿದೆನೋ, ನಾನು ಹೇಳಿದ್ದಕ್ಕೆ ಅವರು ಸತ್ತರೋ? ಪ್ರತಿಯೊಬ್ಬನ ಸಾವೂ ನನ್ನ ವಿದ್ಯೆಗೆ ಸಾಕ್ಷಿ ಎಂದು ನಾನು ಬೀಗಿದ್ದೆ. ಫಕೀರಪ್ಪನೊಬ್ಬ ಗಟ್ಟಿ ಕಿವಿಯವನು, ಗಟ್ಟಿ ಪುಪ್ಪಸದವನು, ಬದುಕಿ ಸಾಕ್ಷಿ ತಿರುಗಿಸಿದ. ಅವನಷ್ಟು ಗಟ್ಟಿ ಇಲ್ಲದವರು ತಿರುಗಿ ಬಂದು ಹೇಳುವಂತಿಲ್ಲ. ಹೊಂಡಕ್ಕೆ ತಳ್ಳಿ, ಇವನು ಬೀಳುತ್ತಾನೆಂದು ನನಗೆ ಮೊದಲೇ ಗೊತ್ತಿತ್ತು ಎನ್ನುವವನಿಗೂ ನನಗೂ ಏನು ಅಂತರ ಎಂದು ಹಲವು ಸಲ ಎಣಿಸಿ ನೋಡಿದ್ದೇನೆ. ಮಿತ್ರರೇ, ಹುಣಸೆಬೀಜದಲ್ಲಿ ಆ ಲೆಕ್ಕ ಬರುವುದಿಲ್ಲ.

ಅದೇ ಬೇಸಿಗೆಯಲ್ಲಿ ಫಕೀರಪ್ಪ ಸ್ವತಃ ದವಾಖಾನೆಗೆ ಬಂದ. ಗುಲಾಬಿ ಬಣ್ಣದ ರುಮಾಲು ಸುತ್ತಿಕೊಂಡು, ಮೀಸೆಗೆ ಎಣ್ಣೆ ಹಚ್ಚಿಕೊಂಡು ಕಿಟಕಿಯಲ್ಲಿ ಕಾಣಿಸಿಕೊಂಡ.

"ನನ್ನ ಸಾಯಿಸಿದಾಂವ ಯಾರಪಾ, ಮಾರಿ ನೋಡೂಣಂತ ಬಂದ್ನಿ."

ನಾನು ತಕ್ಷಣ ಎದ್ದು ಕೈಮುಗಿದು, ತಪ್ಪಾತ್ರಿ ಯಜಮಾನರ ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಅವನು ಘೊಳ್ಳೆಂದು ನಕ್ಕು, ಸತ್ತದ್ದರಿಂದ ಬಹಳ ಲಾಭವಾಯಿತು, ಬದು ತಿರುಗಿ ಬಂತು, ಹಾಲು ಗಟ್ಟಿಯಾಯಿತು ಎಂದ. ತಮ್ಮನನ್ನೂ ಮಗನನ್ನೂ ಕ್ಷಮಿಸಿದ್ದ. ನಮ್ಮಿಬ್ಬರಿಗೂ ಚಹಾ ಬಂತು. ಹೀಗೆ ನಾವು ಇಬ್ಬರು ಗಂಡಸರು ಒಂದು ದೊಡ್ಡ ತಪ್ಪನ್ನು ಎರಡು ಬಸಿಯಲ್ಲಿ ಕುಡಿದು ಮುಗಿಸುತ್ತಿದ್ದಾಗ, ಅವನ ಹಿಂದೆ ನಾಲ್ಕು ಮಾರು ದೂರದಲ್ಲಿ ಕೈಚೀಲ ಹಿಡಿದು ಆಕೆ ನಿಂತಿರುವುದು ಕಂಡಿತು. ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು. ಫಕೀರಪ್ಪ ಹಿಂದೆ ತಿರುಗಲಿಲ್ಲ, ನನ್ನನ್ನೇ ನೋಡುತ್ತ ಅಂದ:

"ಬಸ್ ಬಂತು ಅಂತ ಆಕಿಗೆ ಹೇಳ್ರಿ."

ನನಗೆ ಮೊದಲು ಅರ್ಥವಾಗಲಿಲ್ಲ. ಆಕೆ ಕೇಳಿಸಿಕೊಂಡು ಆಗಲೇ ನಡೆಯತೊಡಗಿದ್ದಳು. ಆಮೇಲೆ ದಸ್ತಗೀರಸಾಬನಿಂದ ಕೇಳಿದೆ: ನುಚ್ಚು ಉಂಡ ಆ ಮುಂಜಾನೆಯಿಂದ ಫಕೀರಪ್ಪ ಹೆಂಡತಿಯೊಂದಿಗೆ ಮಾತು ಬಿಟ್ಟಿದ್ದ. ಊಟ ಸೊಸೆ ಬಡಿಸಬೇಕು. ಹೆಂಡತಿಗೆ ಹೇಳಬೇಕಾದ್ದನ್ನು ಕಂಬಕ್ಕೆ ಹೇಳುತ್ತಿದ್ದ, ಕಂಬ ದೂರವಿದ್ದರೆ ಎಮ್ಮೆಗೆ. ಬದು ಸರಿಸಿದವನನ್ನು ಹೊಟ್ಟೆಗೆ ಹಾಕಿಕೊಂಡವನು, ಒಂದು ದಿನವೂ ತನಗಾಗಿ ಕಾಯದವಳನ್ನು ಹಾಕಿಕೊಳ್ಳಲಾರದೆ ಹೋದ. ಅವನಿಗೂ ಅದು ನೋವೇ ಇದ್ದೀತು, ಇಲ್ಲವೆನ್ನುವುದಿಲ್ಲ. ಮನೆಯಲ್ಲಿ ಅಡಿಗೆ ಒಲೆ ಸೊಸೆಯ ಕೈಗೆ ಹೋಯಿತು, ಹಬ್ಬದ ಪೂಜೆಯಲ್ಲಿ ಗಂಡನ ಪಕ್ಕದ ಮಣೆ ಬರಿದಾಯಿತು. ಹೀಗೆ ಆತ ಏಳು ವರ್ಷ ಬದುಕಿದ. ಆಕೆಯ ಪಾಲಿಗೆ ಆ ಏಳು ವರ್ಷವನ್ನು ನಾನು ಬರೆದುಕೊಟ್ಟಿದ್ದೆ. ಅಗಸಿ ದಾಟಿಸಿ ಎನ್ನದಿದ್ದರೆ ಆ ಸಂಜೆಯೇ ಇರುತ್ತಿರಲಿಲ್ಲ, ಆ ಮಾತು ಆಕೆಯ ಎದೆಯಲ್ಲಿಯೇ ಬೆಚ್ಚಗೆ ಮಲಗಿರುತ್ತಿತ್ತು. ಅದಕ್ಕೂ ಮೊದಲು, ಸರಳು ಹಿಡಿದು ನಿಂತು ಆಕೆ ಹೇಳಿದ್ದನ್ನು ಕೇಳಿಸಿಕೊಂಡು ಡಾಕ್ಟರ ಬಳಿ ಹತ್ತು ಹೆಜ್ಜೆ ನಡೆದಿದ್ದರೆ ಸಾಕಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮಲ್ಲಿಗೂ ರಕ್ತ ಎಣಿಸುವ ದೊಡ್ಡ ಯಂತ್ರ ಬಂತು. ಕೊಳವೆ ಇಟ್ಟರೆ ಒಂದು ನಿಮಿಷದಲ್ಲಿ ಕಾಗದ ಕಾರುತ್ತದೆ. ಅದರ ಮುಂದೆ ನಾನು ಮತ್ತೆ ಬಾಟಲಿ ತೊಳೆಯುವವನಾದೆ. ಒಂದು ದಿನ ಡಾಕ್ಟರು ತಾವಾಗಿಯೇ ಬಂದು ಕುಳಿತು, ಪಾಲಿಯನ್ನು ಲಿಂಫೋದಿಂದ ಭಾಗಿಸಿದರೆ ಬರುವ ಸಂಖ್ಯೆಯಿಂದ ದವಾಖಾನೆಯಲ್ಲಿ ಯಾರ ಜೀವಕ್ಕೆ ಹೆಚ್ಚು ಅಪಾಯ ಎಂದು ಅಂದಾಜು ಮಾಡಬಹುದೆಂದು ದೊಡ್ಡ ದೊಡ್ಡವರು ಈಗ ಬರೆಯುತ್ತಿದ್ದಾರೆ ಎಂದರು. ನನ್ನ ಮುಖ ಅರಳಿದ್ದನ್ನು ನೋಡಿ ಅವರೇ ನಕ್ಕರು. ಬೀಗಬೇಡಿ, ಆ ಸಂಖ್ಯೆ ದೊಡ್ಡದಾದರೆ ಆ ಮಂಚದ ಹತ್ತಿರ ಎರಡು ಸಲ ಹೋಗುವಲ್ಲಿ ಹತ್ತು ಸಲ ಹೋಗಬೇಕು ಎಂದು ಅರ್ಥ, ಅದಕ್ಕೇ ಅದು ಬೇಕಾದದ್ದು ಎಂದರು. ಹತ್ತಿರ ಬಾ ಎಂದು ಕರೆಯುವ ಸಂಖ್ಯೆಯನ್ನು ಹಿಡಿದುಕೊಂಡು ನಾನು ಅಷ್ಟು ವರ್ಷ ಜನರನ್ನು ದೂರ ಕಳಿಸಿದ್ದೆ.

ಇದಾಗಿ ಸ್ವಲ್ಪ ದಿನಕ್ಕೆ ಮಲ್ಲಪ್ಪ ತಾಯಿಯನ್ನು ಕರೆತಂದ. ಫಕೀರಪ್ಪ ತೀರಿ ಆಗ ಮೂರು ವರ್ಷವಾಗಿತ್ತು. ಕಾಲಿಗೆ ಜಾಲಿಯ ಮುಳ್ಳು ಚುಚ್ಚಿ, ಗಾಯ ಕೀವಾಗಿ, ಜ್ವರದಲ್ಲಿ ಬಡಬಡಿಸುತ್ತಿದ್ದಳು. ಯಂತ್ರ ಕಾಗದ ಕಾರಿತು. ನೋಡಿದೆ; ಹಳೆಯ ಕಾಲವಾಗಿದ್ದರೆ ಮುಚ್ಚಳ ಚೆಲ್ಲುತ್ತಿತ್ತು. ಮಲ್ಲಪ್ಪ ಅದೇ ಕಿಟಕಿಗೆ ಬಂದು ಅದೇ ಪ್ರಶ್ನೆ ಕೇಳಿದ: ರಕ್ತ ಏನಂತೈತಿ, ಊರಿಗೆ ಒಯ್ಯೂಣೇನು? ಇಷ್ಟಾದರೂ ನನ್ನನ್ನೇ ಕೇಳುತ್ತಿದ್ದ. ಇಲ್ಲೇ ಇರಲಿ ಎಂದಷ್ಟೇ ಹೇಳಿ, ಕಾಗದ ಹಿಡಿದು ಡಾಕ್ಟರ ಬಳಿ ಓಡಿದೆ. ಆ ವಯಸ್ಸಿನಲ್ಲಿ ನಾನು ಓಡಿದ್ದನ್ನು ನೋಡಿ ಆಳುಗಳು, ಚಿತ್ರಗುಪ್ತನ ಧೋತರಕ್ಕೆ ಇರುವೆ ಹೊಕ್ಕಿದೆ ಎಂದರಂತೆ. ಒಂಬತ್ತು ದಿನ ದವಾಖಾನೆಯೆಲ್ಲ ಆ ಮಂಚದ ಸುತ್ತ ಇತ್ತು. ನಾನೂ ಹೊತ್ತಿಗೊಮ್ಮೆ ಬಾಗಿಲ ತನಕ ಹೋಗಿ, ಆಕೆ ಕಣ್ಣು ತೆರೆದಿದ್ದರೆ ತಿರುಗಿ ಬರುತ್ತಿದ್ದೆ.

ಹತ್ತನೆಯ ದಿನ ಕಾಲಿಗೆ ಬಟ್ಟೆ ಸುತ್ತಿಕೊಂಡು, ಗೋಡೆ ಹಿಡಿದುಕೊಂಡು, ಕೊನೆಯ ಚೀಟಿ ಒಯ್ಯಲು ತಾನೇ ಕಿಟಕಿಗೆ ಬಂದಳು. ಹಿಂದೆ ನಾಲ್ಕು ಜನ ಸರದಿಯಲ್ಲಿದ್ದರು. ಸರಳು ಹಿಡಿದುಕೊಂಡಳು.

"ಈ ಸಲ ರಕ್ತ ಏನಂತ್ರಿ?"

"ಚಲೋ ಐತಿ ಅಂತೈತಿ, ಅವ್ವಾ."

ನಕ್ಕಳು. ಹಲ್ಲಿಲ್ಲದ, ಒಳ್ಳೆಯ ನಗು. ಚೀಟಿಯನ್ನು ನಾಲ್ಕಾಗಿ ಮಡಿಸಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ಹೋಗಲಿಲ್ಲ.

"ಹಿಂದ ಒಮ್ಮಿ ಇಲ್ಲೇ ನಿಂತು ನಿಮಗ ಒಂದು ಮಾತ ಹೇಳಿದ್ನಿ. ಸೂಜಿದು. ಅವತ್ತ ನಿಮಗ ಕೇಳಿಸಿತ್ತೇನ್ರಿ?"

ದೂರಿನ ದನಿಯಾಗಲಿ, ಅಳುವಿನ ದನಿಯಾಗಲಿ ಅಲ್ಲಿರಲಿಲ್ಲ. ತಾನು ಹೇಳಿದ್ದು ನಿಜವೋ, ಅಥವಾ ಅಂಜಿಕೆಯಲ್ಲಿ ಹೇಳದೆಯೇ ತಿರುಗಿ ಹೋಗಿದ್ದೆನೋ ಎಂದು ಅಷ್ಟು ವರ್ಷ ತನ್ನನ್ನೇ ಕೇಳಿಕೊಂಡವಳಂತೆ ಕೇಳಿದಳು. ಹೌದು ತಾಯಿ, ಕೇಳಿಸಿತ್ತು ಎಂದರೆ ಸಾಕಿತ್ತು. ಬಸ್ಸಿನಲ್ಲಿ ಗುರುತಿಲ್ಲದವನ ಕಾಲು ತುಳಿದರೆ ತಪ್ಪಾತ್ರಿ ಎನ್ನುವ ಬಾಯಿ ಇದು. ಅವಳ ಗಂಡನಿಗೂ ಕೈಮುಗಿದು ಹಾಗೆಯೇ ಎಂದ ಬಾಯಿ. ಸರದಿಯಲ್ಲಿದ್ದವರು ನನ್ನನ್ನು ನೋಡುತ್ತಿದ್ದರು.

"ಯಾವತ್ತವಾ?" ಎಂದೆ. "ನನಗ ನೆನಪಿಲ್ಲ."

ಆಕೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಇರ್ಲಿ ಬಿಡ್ರಿ," ಎಂದಳು. ಕೈ ಇನ್ನೂ ಸರಳಿನ ಮೇಲಿತ್ತು.

ನಾನು ಅವಳ ಭುಜದ ಮೇಲಿಂದ ಹಿಂದೆ ನೋಡುತ್ತ ಮುಂದಿನವರನ್ನು ಕರೆದೆ.

ಆಮೇಲೆ ಎರಡು ವರ್ಷಕ್ಕೆ ಆಕೆ ತನ್ನ ಮನೆಯಲ್ಲಿಯೇ, ನಿದ್ದೆಯಲ್ಲಿ ತೀರಿಕೊಂಡಳೆಂದು ದಸ್ತಗೀರಸಾಬ ಹೇಳಿದ. ಹೊತ್ತೇರಿದರೂ ಎದ್ದಿರಲಿಲ್ಲ, ದಣಿದಿದ್ದಾಳೆ ಮಲಗಲಿ ಎಂದು ಸೊಸೆ ಎಬ್ಬಿಸಲಿಲ್ಲವಂತೆ.

ಇಷ್ಟು ಬರೆದ ಮೇಲೂ ನಾನು ಒಂದು ಚಾಲಾಕಿ ಮಾಡಿದ್ದನ್ನು ನೀವು ಗಮನಿಸಿರಬಹುದು. ಡ್ರೈವರನಿಗೆ ಹೆಸರಿಟ್ಟೆ, ಮಗನಿಗೆ ಇಟ್ಟೆ, ಮೀಸೆಗೆ ಎಣ್ಣೆ ಹಚ್ಚಿಕೊಂಡು ಬಂದ ಯಜಮಾನನಿಗೆ ಇಟ್ಟೆ. ಆಕೆಯನ್ನು ಮಾತ್ರ ಹೆಂಡತಿ, ತಾಯಿ, ಆಕೆ ಎಂದು ಸಾಗಿಸಿಕೊಂಡು ಬಂದೆ, ಹೆಸರಿಲ್ಲದವರ ಮುಂದೆ ತಪ್ಪಾಯಿತೆನ್ನುವ ಹಂಗಿಲ್ಲ ಎಂಬ ಹಾಗೆ. ಗೊತ್ತಿಲ್ಲವೆಂದಲ್ಲ. ಮುಳ್ಳು ಚುಚ್ಚಿಸಿಕೊಂಡು ಬಂದ ದಿನ ಮಗನನ್ನು ನಾನೇ ಕೇಳಿ, ಚೀಟಿಯ ಮೇಲೆ ನನ್ನ ಕೈಯಿಂದಲೇ ಬರೆದುಕೊಂಡಿದ್ದೆ. ನೀಲಗಂಗವ್ವ.